ನಾಲ್ಕನೇ ಹಂತ ಸೇರಿಸಿದಾಗ ಯೀಸ್ಟ್ ಮಾದರಿ ತೂಗಾಡಿತು

ಯೀಸ್ಟ್ ಕೋಶದಲ್ಲಿ ಒತ್ತಡ ಬಂದಾಗ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಎಂಎಸ್‌ಎನ್2 ಪ್ರೋಟೀನ್‌ಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಜೋಡಿಸಿ ವಿಡಿಯೋ ಮಾಡಿದ್ದೆ. ಹೊಳಪು ನ್ಯೂಕ್ಲಿಯಸ್‌ನೊಳಗೆ ಹೋಗುತ್ತದೆ, ಕೆಲವು ನಿಮಿಷ ಇದ್ದು ಹೊರಗೆ ಬರುತ್ತದೆ, ಮತ್ತೆ ಒಳಗೆ. ನೋಡ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಎಲ್ಲ ಕೋಶಗಳ ಸರಾಸರಿ ತೆಗೆದರೆ ಗೆರೆ ನೆಟ್ಟಗೆ! ಒಂದು ಕೋಶ ಏರುವಾಗ ಇನ್ನೊಂದು ಇಳಿಯುತ್ತಿತ್ತು, ಅಷ್ಟೇ. ಆ ಸರಾಸರಿ ನಂಬಿ ನಾನು ಒಂದು ವಾರ ಕಳೆದುಕೊಂಡೆ.

ಕೋಶಗಳಿಗೆ ಒತ್ತಡ ಕೊಟ್ಟಿದ್ದು ಮೈಕ್ರೋಸ್ಕೋಪಿನ ನೀಲಿ ಬೆಳಕೇ. ಇದು 2003ರಲ್ಲೇ ವರದಿಯಾದ ಸಂಗತಿ. ಬೆಳಕು ಹದವಾಗಿದ್ದರೆ ಎಂಎಸ್‌ಎನ್2 ಹೋಗಿ ಬಂದು ಮಾಡುತ್ತದೆ, ಜಾಸ್ತಿಯಾದರೆ ಒಳಗೇ ಉಳಿದುಬಿಡುತ್ತದೆ.

ಹೋಗಿ ಬರುವುದು ಯಾಕೆ? ಕೋಶದೊಳಗೆ ಸುದ್ದಿ ಒಯ್ಯುವ ಪುಟ್ಟ ಅಣು ಸೈಕ್ಲಿಕ್ ಎಎಂಪಿ ಹೆಚ್ಚಿದರೆ ಪಿಕೆಎ ಕಿಣ್ವ ಚುರುಕಾಗುತ್ತದೆ. ಅದು ಎಂಎಸ್‌ಎನ್2ಗೆ ಫಾಸ್ಫೇಟ್ ಅಂಟಿಸಿ ಹೊರಗೇ ಇಡುತ್ತದೆ. ಅದೇ ಪಿಕೆಎ, ಸೈಕ್ಲಿಕ್ ಎಎಂಪಿಯನ್ನು ಮುರಿಯುವ ಫಾಸ್ಫೋಡೈಎಸ್ಟರೇಸ್‌ಗೂ ಬಲ ಕೊಡುತ್ತದೆ. ಅಂದರೆ ತನ್ನನ್ನು ಎಬ್ಬಿಸಿದ್ದನ್ನು ತಾನೇ ಕಡಿಮೆ ಮಾಡುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್.

ಇಷ್ಟಿದ್ದರೆ ಸಾಕು ಅಂದುಕೊಂಡು ಪೈಥಾನ್‌ನಲ್ಲಿ ಎರಡು ಹಂತದ ಮಾದರಿ ಬರೆದೆ: ಒಂದು ಹಂತ ಮುಂದಿನದನ್ನು ಹೆಚ್ಚಿಸುತ್ತದೆ, ಕೊನೆಯದು ಮೊದಲನೆಯದನ್ನು ತಡೆಯುತ್ತದೆ. ಫೀಡ್‌ಬ್ಯಾಕ್ ಎಷ್ಟೇ ಬಿಗಿ ಮಾಡಿದರೂ ಅಲೆ ಎರಡು ಸಲ ಎದ್ದು ಮಲಗಿತು. ಮೂರು ಹಂತ ಮಾಡಿದೆ. ಎಲ್ಲ ಹಂತಗಳೂ ಒಂದೇ ವೇಗದಲ್ಲಿ ಕರಗಿದರೂ ಅಲೆ ಉಳಿಯಲು ಹಿಲ್ ಸಂಖ್ಯೆ, ಅಂದರೆ ತಡೆ ಎಷ್ಟು ಕಡಿದಾಗಿ ಬೀಳುತ್ತದೆ ಎಂಬುದರ ಅಳತೆ, 8ಕ್ಕಿಂತ ಜಾಸ್ತಿ ಬೇಕು. ಇದನ್ನು ಗ್ರಿಫಿತ್ ಎಂಬ ವಿಜ್ಞಾನಿ 1968ರಲ್ಲೇ ತೋರಿಸಿದ್ದರು. ಜೀವಕೋಶಕ್ಕೆ ಅದು ತೀರಾ ಜಾಸ್ತಿ ಅಲ್ವಾ? ನಾಲ್ಕನೇ ಹಂತ ಸೇರಿಸಿದಾಗ ಮಿತಿ 4ಕ್ಕೆ ಇಳಿಯಿತು, ಅಲೆ ನಿಲ್ಲದೆ ಓಡಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇಕಿದ್ದದ್ದು ಬಿಗಿಯಲ್ಲ, ತಡ. ಒಂದೊಂದು ಹಂತವೂ ಸುದ್ದಿಯನ್ನು ಇನ್ನಷ್ಟು ತಡ ಮಾಡುತ್ತದೆ. ಕರೆಂಟಿನ ಕಾಯಿಲ್ ಒಲೆ ಆರಿಸಿದ ಮೇಲೂ ಹಾಲು ಉಕ್ಕುತ್ತದಲ್ಲ, ಹಾಗೆ. ತಡೆಯುವ ಸುದ್ದಿ ಮುಟ್ಟುವಷ್ಟರಲ್ಲಿ ಮಟ್ಟ ಆಗಲೇ ಮೇಲೇರಿರುತ್ತದೆ. ಆಮೇಲೆ ತಡೆ ಬಿಡುವುದೂ ತಡ, ಹಾಗಾಗಿ ಬೇಕಾದ್ದಕ್ಕಿಂತ ಕೆಳಗೆ ಜಾರುತ್ತದೆ. ಸುದ್ದಿ ಕೂಡಲೇ ಮುಟ್ಟಿದರೆ ಅದೇ ಫೀಡ್‌ಬ್ಯಾಕ್ ಸುಮ್ನೆ ಎಲ್ಲವನ್ನೂ ತಣ್ಣಗೆ ಹಿಡಿದಿಡುತ್ತದೆ.

ಈಗ ನಾನು ಮೊದಲು ಬೆಳಕು ಇಳಿಸುತ್ತೇನೆ. ಆಮೇಲೆ ಒಂದೊಂದೇ ಕೋಶಕ್ಕೆ ಗುರುತು ಹಾಕಿ ಅದರ ಗೆರೆ ಬಿಡಿಸುತ್ತೇನೆ. ಸರಾಸರಿ ತೆಗೆಯುವುದು ಎಲ್ಲ ಮುಗಿದ ಮೇಲೆ.