ಹೋಲ್ಡ್ ಅಂದ್ರ ಹಿಡಿ ಅಲ್ಲೇನು?

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹನ್ನೊಂದು ವರ್ಷ ಮಷೀನ್ ಮೇಲೆ ಕೂತು ಹೊಲಿದ ನಂತರ ನನ್ನನ್ನು ಚೆಕಿಂಗ್‌ಗೆ ಹಾಕಿದರು. ಹೊಲಿಗೆಯ ತಪ್ಪು ನನ್ನ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಆರ್ಡರ್ ಜೊತೆ ಬರುವ ಇಂಗ್ಲಿಷ್ ಹಾಳೆ ಮಾತ್ರ ಬಿಡಿಸಲಾಗದ ಗಂಟಾಯಿತು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮಾಧ್ಯಮ.

ಒಂದು ಹಾಳೆಯಲ್ಲಿ ‘ಹೋಲ್ಡ್ ಸೆಕೆಂಡ್ ಲಾಟ್ ಫಾರ್ ವಾಶ್ ಅಪ್ರೂವಲ್’ ಎಂದಿತ್ತು. ಹೋಲ್ಡ್ ಅಂದರೆ ಹಿಡಿ ಎಂದು ಶಾಲೆಯಲ್ಲಿ ಕಲಿತಿದ್ದೆ. ಎರಡನೇ ಲಾಟ್ ಕೈಗೆತ್ತಿಕೊಂಡು ವಾಶ್‌ಗೆ ಕೊಡಿ ಅಂದಿದ್ದಾರೆ ಎಂದುಕೊಂಡು 300 ಪೀಸ್ ಕಳಿಸಿಬಿಟ್ಟೆ. ಅವರು ಹೇಳಿದ್ದು, ಒಪ್ಪಿಗೆ ಬರುವ ತನಕ ತಡೆದಿಡಿ ಎಂದು. ಶೇಡ್ ಬೇರೆ ಬಂತು, ಮಾಲೆಲ್ಲ ನಮ್ಮಲ್ಲೇ ಉಳಿಯಿತು. ‘ಹೋಲ್ಡ್ ಅಂದ್ರ ಹಿಡಿ ಅಲ್ಲೇನು ಅಣ್ಣಾ?’ ಎಂದು ಮಾಸ್ಟರ್‌ನ ಕೇಳಿದೆ. ‘ಹಿಡಿ ಅಂತೂ ಹೌದು, ಬಿಡಬ್ಯಾಡ ಅಂತೂ ಹೌದವ್ವಾ’ ಅಂದರು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನವೇ ನೋಟ್‌ಬುಕ್ ತಂದೆ. ಹೋಲ್ಡ್: ಹಿಡಿ, ತಡೆ, ನಡೆಸು, ಹೊಂದಿರು. ಹೀಗೆ ಪಟ್ಟಿ ಮಾಡಿ ಎರಡು ತಿಂಗಳು ಬಾಯಿಪಾಠ ಮಾಡಿದೆ. ಪಟ್ಟಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಆದರೆ ಹೊಸ ಹಾಳೆ ಬಂದಾಗ ನಾಲ್ಕರಲ್ಲಿ ಯಾವುದು ಇಲ್ಲಿಗೆ ಎಂದು ತಿಳಿಯುತ್ತಲೇ ಇರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಮಾತೇ. ‘ಹತ್ತು’ ಪದವನ್ನು ನೋಡಿ. ಕೋಟೆ ಗುಡ್ಡ ಹತ್ತಿದೆವು. ಒಲಿ ಹತ್ತಿತು. ಕೈಗೆ ನೀಲಿ ಹತ್ತಿತು. ಬರೋದಕ್ಕೆ ಎರಡು ತಾಸು ಹತ್ತಿತು. ಮಳಿ ಬರಾಕ ಹತ್ತೈತಿ. ಐದು ಕಡೆ ಐದು ಅರ್ಥ, ಒಂದನ್ನೂ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಗುಡ್ಡ, ಒಲೆ, ತಾಸು ಎಂಬ ಪಕ್ಕದ ಪದಗಳೇ ಅರ್ಥವನ್ನು ಕಟ್ಟಿಹಾಕುತ್ತವೆ. ಹಾಗಾದರೆ ಇಂಗ್ಲಿಷ್ ಪದವನ್ನೂ ಅದರ ನೆರೆಹೊರೆಯ ಸಮೇತ ಬರೆದಿಡಬೇಕು ಅನ್ನಿಸಿತು.

ಅಂದಿನಿಂದ ಒಂದು ಪದಕ್ಕೆ ಒಂದು ಪುಟ, ಒಂದು ಅರ್ಥಕ್ಕೆ ಒಂದು ವಾಕ್ಯ. ಯಾವ ವಾಕ್ಯವಾದರೂ ನಡೆಯುವುದಿಲ್ಲ. ‘ಐ ಸಾ ಎ ಬೋಲ್ಟ್’ ಎಂದು ಬರೆದರೆ ವ್ಯರ್ಥ, ಕಂಡದ್ದು ನಟ್ಟಿನ ಬೋಲ್ಟೋ, ಬಾಗಿಲ ಚಿಲಕವೋ ಗೊತ್ತಾಗದು. ‘ದ ಕಟಿಂಗ್ ಮಾಸ್ಟರ್ ಓಪನ್ಡ್ ಎ ನ್ಯೂ ಬೋಲ್ಟ್ ಆಫ್ ಡೆನಿಮ್’ ಎಂದರೆ ಬಟ್ಟೆಯ ಸುರುಳಿ ಕಣ್ಣ ಮುಂದೆ ಬಂತು. ಬರೆದ ಮೇಲೆ ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದುತ್ತೇನೆ. ಉಳಿದ ಪದಗಳಿಂದಲೇ ಅರ್ಥ ಊಹೆಗೆ ಬಂದರೆ ವಾಕ್ಯ ಗಟ್ಟಿ, ಇಲ್ಲದಿದ್ದರೆ ಹೊಡೆದು ಹಾಕಿ ಇನ್ನೊಂದು. ಈ ಬೆರಳಿನ ಪರೀಕ್ಷೆಯಷ್ಟು ನನಗೆ ಬೇರೇನೂ ಉಪಯೋಗವಾಗಿಲ್ಲ.

ರನ್ ಪದದ ಪುಟ ಎಲ್ಲಕ್ಕಿಂತ ಬೇಗ ತುಂಬಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಆಕ್ಸ್‌ಫರ್ಡ್ ನಿಘಂಟಿನವರು ಎಣಿಸಿದ್ದಾರೆ. ನನಗೆ ಬೇಕಾದದ್ದು ಏಳೆಂಟು. ‘ದಿಸ್ ಬ್ಲೂ ರನ್ಸ್ ಇನ್ ದ ಫಸ್ಟ್ ವಾಶ್’: ಈ ನೀಲಿ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ. ಇಂಡಿಗೋ ಎಂಬ ನೀಲಿ ಬಣ್ಣ ನೂಲಿನ ಹೊರಮೈಯಲ್ಲೇ ಹೆಚ್ಚು ನಿಲ್ಲುವುದರಿಂದ ಡೆನಿಮ್ ಬಣ್ಣ ಬಿಡುವುದು ನಮಗೆ ದಿನದ ಮಾತು. ಹಾಗಾಗಿ ಆ ಅರ್ಥ ಮತ್ತೆ ಮರೆಯಲಿಲ್ಲ.

ಕೆಲವು ಪದಗಳಲ್ಲಿ ಎರಡು ಅರ್ಥಗಳ ನಡುವೆ ನೂಲು ಸಿಕ್ಕಾಗ ಆಗುವ ಖುಷಿಯೇ ಬೇರೆ. ಪ್ಯಾಂಟಿನ ಹಿಂದೆ, ಸೊಂಟಪಟ್ಟಿಯ ಕೆಳಗೆ ಕೂರುವ ತುಂಡಿಗೆ ಯೋಕ್ ಅನ್ನುತ್ತೇವೆ. ಅಷ್ಟು ವರ್ಷ ಹೊಲಿದರೂ ಯೋಕ್ ಅಂದರೆ ನೊಗ ಎಂದು ಗೊತ್ತಿರಲಿಲ್ಲ. ಮೊದಲು ಅಂಗಿಯ ಹೆಗಲ ಮೇಲಿನ ತುಂಡಿಗೆ ಆ ಹೆಸರಿತ್ತಂತೆ, ಎತ್ತಿನ ಹೆಗಲ ಮೇಲೆ ನೊಗ ಕೂತಂತೆ. ಸೀಮ್ ಕೂಡ ಹಾಗೆಯೇ. ನಮ್ಮ ಹೊಲಿಗೆಯ ಸೀಮ್, ಕ್ರಿಕೆಟ್ ಚೆಂಡಿನ ಸೀಮ್, ಗಣಿಯೊಳಗಿನ ಕಲ್ಲಿದ್ದಲ ಪದರಕ್ಕೂ ಸೀಮ್. ಎಲ್ಲ ಕಡೆ ನೂಲು ಸಿಗುತ್ತದೆ ಎಂದು ಎಳೆಯಬಾರದು. ಆಡುವ ಬ್ಯಾಟಿಗೂ ಹಾರುವ ಬಾವಲಿ ಬ್ಯಾಟಿಗೂ ನಂಟಿಲ್ಲ, ಅವು ಮೂಲದಲ್ಲೇ ಬೇರೆ ಪದಗಳು. ಅಂಥವನ್ನು ಒಳ್ಳೆಯ ನಿಘಂಟುಗಳು 1, 2 ಎಂದು ಅಂಕಿ ಹಾಕಿ ಬೇರೆ ಬೇರೆ ಕೊಡುತ್ತವೆ. ನಾನೂ ಬೇರೆ ಪುಟ ಕೊಡುತ್ತೇನೆ.

ದಿನಕ್ಕೆ ಎರಡು ವಾಕ್ಯ ಸಾಕು. ಪುಸ್ತಕದಿಂದ ಎತ್ತಿದ ವಾಕ್ಯ ನನ್ನಲ್ಲಿ ನಿಲ್ಲುವುದಿಲ್ಲ, ಅದರೊಳಗೆ ನಮ್ಮ ಘಟಕ, ನಮ್ಮ ಮನೆ ಇರಬೇಕು.

ಹೋಲ್ಡ್ ಪುಟದಲ್ಲಿ ಈಗ ಒಂಬತ್ತು ವಾಕ್ಯಗಳಿವೆ. ಮೊದಲನೆಯದು ಆ ಆರ್ಡರ್ ಹಾಳೆಯದ್ದೇ, ಕೆಂಪು ಶಾಯಿಯಲ್ಲಿದೆ. ಕೊನೆಯದನ್ನು ಹೋದ ವಾರ ಬರೆದೆ. ಫೋನಿನಲ್ಲಿ ಒಬ್ಬರು ‘ಪ್ಲೀಸ್ ಹೋಲ್ಡ್ ದ ಲೈನ್’ ಅಂದರು. ನಮ್ಮಲ್ಲಿ ಲೈನ್ ಅಂದರೆ ಮಷೀನ್‌ಗಳ ಸಾಲು. ಫೋನ್ ಇಡದೆ ಕಾದೆ. ಕಾಯುತ್ತಲೇ ಲೈನ್‌ಗೆ ಹೊಸ ಪುಟ ತೆಗೆದೆ.