ಕೆಮ್ಮಣ್ಣಲ್ಲಿ ಕಾಣೆಯಾದ ಬೆಳ್ಳಿ

ಬೆಳ್ಳಿಯ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು, ತೇಲುವ ನೀರು ಬೆಳ್ಳಗಿರುವುದಿಲ್ಲ, ಹಳದಿ ಇರುತ್ತದೆ. ಅವು ಮಣ್ಣಿನೊಳಗೆ ನೀರಿನ ಜೊತೆ ಎಷ್ಟು ದೂರ ಹೋಗುತ್ತವೆ ಎಂದು ನೋಡುವುದು ನನ್ನ ಕೆಲಸ. ಆ ಹಳದಿ ನನ್ನನ್ನು ಎರಡು ಸಲ ಬೇಸ್ತು ಬೀಳಿಸಿತು.

ಮೊದಲನೆಯದು ಸೋಮಾರಿತನದಿಂದ ಆದದ್ದು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ಬೆಂಗಳೂರಿನ ಬೋರ್‌ವೆಲ್ ನೀರನ್ನೇ ಬೆರೆಸಿದೆ. ಸ್ವಲ್ಪ ಹೊತ್ತಿಗೆ ಹಳದಿ ಹೋಗಿ ಬೂದು ಬಣ್ಣ ಬಂತು. ನನ್ನ ಕಣಗಳಿಗೆ ಸಿಟ್ರೇಟ್ ಲೇಪ ಇತ್ತು. ಅದರ ಋಣ ವಿದ್ಯುದಂಶದಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ಬಿಡಿಬಿಡಿಯಾಗಿ ಇರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ಆ ತಳ್ಳಾಟವನ್ನು ಅಡಗಿಸುತ್ತದೆ. ಈ ಕೆಲಸದಲ್ಲಿ ಸೋಡಿಯಂಗಿಂತ ಅದರ ಕೈ ಬಹಳ ಜೋರು. ಕಣಗಳು ಅಂಟಿಕೊಂಡು ಗುಂಪಾಗಿ ತಳಕ್ಕೆ ಇಳಿದವು. ಈಗ ಯಾರಾದರೂ ನ್ಯಾನೊ ಬೆಳ್ಳಿ ಎಷ್ಟು ದೂರ ಹರಿಯುತ್ತದೆ ಎಂದರೆ, ಯಾವ ನೀರಲ್ಲಿ ಅಂತ ಕೇಳುತ್ತೇನೆ.

ಆಮೇಲೆ ಮಣ್ಣಿನ ಸರದಿ. ಗೇಣುದ್ದದ ಗಾಜಿನ ಕೊಳವೆಗೆ ಮಣ್ಣು ತುಂಬಿ ಪಂಪಿನಿಂದ ನೀರು ಹಾಯಿಸುವುದು. ನೀರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ನೀರು ಗಾಜಿನ ಅಂಚು ಹಿಡಿದು ನುಣುಚಿಕೊಳ್ಳುತ್ತದೆ. ಮರಳಿನ ಕೊಳವೆಯಿಂದ ಬೆಳ್ಳಿ ಬಹುಪಾಲು ಹೊರಬಂತು. ಕೆಮ್ಮಣ್ಣಿನದರಿಂದ ಏನೂ ಇಲ್ಲ! ಕೆಂಪು ಕೊಡುವ ಕಬ್ಬಿಣದ ಆಕ್ಸೈಡ್‌ಗೆ ಸ್ವಲ್ಪ ಹುಳಿ ಮಣ್ಣಲ್ಲಿ ಧನ ವಿದ್ಯುದಂಶ ಇರುತ್ತದೆ. ಋಣದ ಕಣ ಸಿಕ್ಕರೆ ಬಿಡುತ್ತದೆಯೇ?

ಒಂದು ದಿನ ತೋಟದ ಮಣ್ಣಿನ ಕೊಳವೆಯಿಂದ ಹಳದಿ ನೀರು ಬಂತು. ಬೆಳಕು ಅಳೆಯುವ ಮೀಟರಿನಲ್ಲೂ, ನ್ಯಾನೊ ಬೆಳ್ಳಿ ಬೆಳಕು ಹೀರುವ 400 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಹೀರಿಕೆ ಜಾಸ್ತಿ ಇತ್ತು. ಕುಣಿದಾಡಿಬಿಟ್ಟೆ. ನಮ್ಮ ಮೇಡಂ ಕೇಳಿದ್ದು ಒಂದೇ ಮಾತು: "ಬೆಳ್ಳಿ ಹಾಕದ ಕೊಳವೆಯ ನೀರು ನೋಡಿದ್ಯಾ?" ನೋಡಿರಲಿಲ್ಲ. ನೋಡಿದರೆ ಅದೂ ಹಳದಿಯೇ. ಕೊಳೆತ ಎಲೆ, ಬೇರುಗಳ ಸಾರ, ಥೇಟ್ ಚಹಾ ಡಿಕಾಕ್ಷನ್! ಅಂದಿನಿಂದ ಬಣ್ಣ ನಂಬಿಲ್ಲ. ಆಮ್ಲದಲ್ಲಿ ಕರಗಿಸಿ, ಐಸಿಪಿ-ಎಂಎಸ್ ಎಂಬ, ಲೋಹ ಚೂರೇ ಇದ್ದರೂ ಪತ್ತೆಹಚ್ಚುವ ಯಂತ್ರದಲ್ಲಿ ಬೆಳ್ಳಿಯನ್ನೇ ಅಳೆಯುತ್ತೇನೆ. ತಮಾಷೆ ಅಂದ್ರೆ, ಇದೇ ಡಿಕಾಕ್ಷನ್‌ನ ಹ್ಯೂಮಿಕ್ ಆಮ್ಲ ಬೆರೆಸಿದಾಗ ಕೆಮ್ಮಣ್ಣಿನಿಂದಲೂ ಒಂದಿಷ್ಟು ಬೆಳ್ಳಿ ಹೊರಬಂತು. ಕಬ್ಬಿಣದ ಮೈಗೂ ಕಣದ ಮೈಗೂ ಅದೇ ಹೊದಿಕೆಯಾಗಿತ್ತು.

ನಾನು ಅಂದುಕೊಂಡಿರದ ಸಂಗತಿ ಕೊನೆಯಲ್ಲಿತ್ತು. ಸೋಡಿಯಂ ಉಪ್ಪಿನ ನೀರು ಹಾಯಿಸಿದ್ದ ಕೆಮ್ಮಣ್ಣಿನ ಕೊಳವೆಗೆ, ಮಳೆ ಬಂದ ಹಾಗೆ ಅಂತ, ಡಿಸ್ಟಿಲ್ಡ್ ವಾಟರ್ ಬಿಟ್ಟೆ. ಮೊದಲು ತಿಳಿನೀರು, ಆಮೇಲೆ ನಸುಗೆಂಪು. ಉಪ್ಪು ತೊಳೆದುಹೋದಂತೆ ನುಣ್ಣನೆಯ ಜೇಡಿ ಬಿಟ್ಟುಕೊಂಡು ಹೊರಟಿತ್ತು. ಅದರ ಬೆನ್ನೇರಿ ಬೆಳ್ಳಿಯೂ ಬಂದಿತ್ತು. 0.45 ಮೈಕ್ರಾನ್, ಅಂದರೆ 450 ನ್ಯಾನೊಮೀಟರ್, ಫಿಲ್ಟರ್ ದಾಟಿದ್ದೆಲ್ಲ ಕರಗಿದ್ದು ಅಂತ ಲೆಕ್ಕ ಹಾಕುವ ರೂಢಿ ಲ್ಯಾಬ್‌ಗಳಲ್ಲಿದೆ. 20 ನ್ಯಾನೊಮೀಟರ್ ಕಣಕ್ಕೆ ಆ ರಂಧ್ರ ಊರ ಹೆಬ್ಬಾಗಿಲು, ಅಲ್ವಾ? ಕರಗದ ಕಣವೂ ಕರಗಿದ್ದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಿಂದಿನ ಕೊಳವೆಗಳನ್ನು ತೊಳೆದ ನೀರನ್ನೆಲ್ಲ, ಅದರಲ್ಲೂ ಬೆಳ್ಳಿ ಇರಬಹುದೆಂದು ಅಳೆಯದೆ, ನಾನೇ ವೇಸ್ಟ್ ಕ್ಯಾನಿಗೆ ಸುರಿದಿದ್ದೆ. ಅಷ್ಟೂ ಪ್ರಯೋಗ ಮತ್ತೆ ಮಾಡಬೇಕಾಯಿತು.