ವ್ಯಸನ ಸಮಾಲೋಚನೆ ಓದಲು ಅಮೆರಿಕಕ್ಕೆ ಬರುವವರಿಗೆ: ಕಾಲೇಜಿಗಿಂತ ಮೊದಲು ಗಂಟೆಗಳ ಲೆಕ್ಕ

ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಓದಿದವರು, ಮಂಡ್ಯದಲ್ಲಿ ಬಿಎ ಮಾಡಿ ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿದವರು, ಮದುವೆಯಾಗಿ, ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದು ‘ಮನೇಲಿ ಕೂರೋ ಬದಲು ಏನಾದ್ರೂ ಓದೋಣ’ ಅನ್ನುವವರು, ಎಲ್ಲರೂ ಮೊದಲು ಕೇಳುವುದು ಯಾವ ಕಾಲೇಜು ಒಳ್ಳೆಯದು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಬ್ಬು ಗದ್ದೆಯಲ್ಲಿ ಎಷ್ಟೇ ಸೊಂಪಾಗಿ ಕಂಡರೂ ದುಡ್ಡು ಸಿಗುವುದು ಕಾರ್ಖಾನೆಯ ತೂಕದ ಮೇಲೆ. ಇಲ್ಲಿ ತೂಕ ಹಾಕುವುದು ಕಾಲೇಜಲ್ಲ, ಆಯಾ ರಾಜ್ಯದ ಪರವಾನಗಿ ಮಂಡಳಿ.

ಕುಡಿತ, ಮಾದಕ ವಸ್ತುಗಳ ಚಟ ಬಿಡಲು ನೆರವಾಗುವ ಸಮಾಲೋಚಕರ ಕೆಲಸಕ್ಕೆ ದೇಶಕ್ಕೆಲ್ಲ ಒಂದೇ ಪರವಾನಗಿ ಇಲ್ಲ. ಟೆಕ್ಸಾಸ್‌ನಲ್ಲಿ ಎಲ್‌ಸಿಡಿಸಿ ಎನ್ನುತ್ತಾರೆ, ನ್ಯೂಯಾರ್ಕ್‌ನಲ್ಲಿ ಕಸ್ಯಾಕ್. ಟೆಕ್ಸಾಸ್‌ನ ಸಾಮಾನ್ಯ ದಾರಿಯಲ್ಲಿ 270 ಗಂಟೆ ಪಾಠ, 300 ಗಂಟೆ ಪ್ರಾಕ್ಟಿಕಮ್ (ಓದಿನ ಭಾಗವಾಗಿ ಚಿಕಿತ್ಸಾ ಕೇಂದ್ರದಲ್ಲಿ ಮಾಡುವ ತರಬೇತಿ), ಆಮೇಲೆ ಮೇಲ್ವಿಚಾರಣೆಯಲ್ಲಿ 4000 ಗಂಟೆ ಕೆಲಸ ಬೇಕು. ನ್ಯೂಯಾರ್ಕ್ ಪಾಠಕ್ಕೇ 350 ಗಂಟೆ ಕೇಳುತ್ತದೆ. ಸೆಮಿಸ್ಟರಿನ ಒಂದು ಕ್ರೆಡಿಟ್ ಅಂದರೆ ಸುಮಾರು 15 ಗಂಟೆ ಪಾಠ, ಹಾಗಾಗಿ 270 ಗಂಟೆಗೆ 18 ಕ್ರೆಡಿಟ್. ಕಾಲೇಜಿನ ವಿಷಯಪಟ್ಟಿ ಸಿಕ್ಕ ಕೂಡಲೇ ಈ ಗುಣಾಕಾರ ಮಾಡಿ ನೋಡಿ. ‘ವ್ಯಸನ’ ಎಂಬ ಹೆಸರು ಹೊತ್ತ ಕೋರ್ಸ್‌ನಲ್ಲೇ ಆ ವಿಷಯದ ಕ್ರೆಡಿಟ್ ಹನ್ನೆರಡಕ್ಕೆ ನಿಂತು, ಉಳಿದದ್ದೆಲ್ಲ ಸಾಮಾನ್ಯ ಮನಃಶಾಸ್ತ್ರ ಆಗಿರಬಹುದು.

ನಮ್ಮವರು ಎಡವುವುದು ವೀಸಾ ವಿಷಯದಲ್ಲಿ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಸಿಗುವ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, 12 ತಿಂಗಳು. ಈ ವಿಷಯ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇಲ್ಲದ್ದರಿಂದ ಇಂಜಿನಿಯರುಗಳಿಗೆ ಸಿಗುವ ಎರಡು ವರ್ಷದ ವಿಸ್ತರಣೆ ಇದಕ್ಕಿಲ್ಲ. ವಾರಕ್ಕೆ 40 ಗಂಟೆಯಂತೆ ಒಂದು ದಿನವೂ ರಜೆ ಹಾಕದೆ ದುಡಿದರೂ ವರ್ಷಕ್ಕೆ 2080 ಗಂಟೆ. ಟೆಕ್ಸಾಸ್‌ನ 4000 ಎಲ್ಲಿ, ಇದೆಲ್ಲಿ? ಚಿಕಿತ್ಸಾ ಕೇಂದ್ರಗಳು ಬಹುಪಾಲು ಸಣ್ಣವು, ಎಚ್-1ಬಿ ಗೊಡವೆಗೆ ಹೋಗುವುದು ಅಪರೂಪ. ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಇದ್ದರೆ ಹಲವು ರಾಜ್ಯಗಳು ಕೆಲಸದ ಗಂಟೆಗಳನ್ನು ಕಡಿಮೆ ಮಾಡುತ್ತವೆ. ಎಫ್-1ನಲ್ಲಿ ಬರುವವರು ಸಾಲ ಮಾಡುವ ಮೊದಲು ತಮ್ಮ ರಾಜ್ಯ ಎಷ್ಟು ಬಿಡುತ್ತದೆ ಎಂದು ಮಂಡಳಿಗೇ ಇ-ಮೇಲ್ ಬರೆದು, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಫೋನಿನಲ್ಲಿ ಕೇಳಿದ ಮಾತು ಮುಂದೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಗುಂಡಿ ಆನ್‌ಲೈನ್ ಕೋರ್ಸ್. ಈ ವಿಷಯದಲ್ಲಿ ಅವು ಬೇಕಾದಷ್ಟಿವೆ, ಅಗ್ಗವೂ ಹೌದು. ಆದರೆ ಎಫ್-1ನವರ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ತರಗತಿ, ಅಂದರೆ ಮೂರು ಕ್ರೆಡಿಟ್ ಮಾತ್ರ ಸೇರುತ್ತದೆ. ಎಚ್-4ನವರಿಗೆ ಈ ಕಟ್ಟು ಇಲ್ಲ, ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ತರಗತಿಗೂ ಹೋಗಬಹುದು. ಅವರ ತೊಡಕು ಬೇರೆ: ಇಎಡಿ (ಸರ್ಕಾರ ಕೊಡುವ ಕೆಲಸದ ಅನುಮತಿ ಕಾರ್ಡ್) ಇಲ್ಲದೆ ಕೆಲಸ ಮಾಡುವಂತಿಲ್ಲ. ‘ಸಂಬಳ ತಗೊಳ್ಳಲ್ಲ, ಸೇವೆ ಅಂತ ಮಾಡ್ತೀನಿ’ ಅಂದರೂ, ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವಾದರೆ ವಲಸೆ ಇಲಾಖೆ ಅದನ್ನು ಸೇವೆ ಎನ್ನುವುದಿಲ್ಲ. ಹಾಗಾಗಿ ಪಾಠದ ಗಂಟೆ ಈಗ ಮುಗಿಸಿಕೊಂಡು, ಕೆಲಸದ ಗಂಟೆಗೆ ಇಎಡಿ ಬರುವತನಕ ಕಾಯುವುದೇ ಸರಿ. ಪ್ರಾಕ್ಟಿಕಮ್ ಬಗ್ಗೆ ವಲಸೆ ವಕೀಲರನ್ನು ಮೊದಲೇ ಕೇಳಿಕೊಳ್ಳಿ.

ಯಾವ ಹಂತದ ಪದವಿ? ಊರಲ್ಲಿ ಎಂಎ ಅಥವಾ ಎಂಎಸ್‌ಡಬ್ಲ್ಯು ಆದವರು ಇಲ್ಲಿ ಮತ್ತೆ ಬ್ಯಾಚುಲರ್ಸ್‌ಗೆ ಸೇರುವುದು ದುಡ್ಡು ದಂಡ. ಇಡೀ ವೃತ್ತಿಯನ್ನೇ ಇಲ್ಲಿ ಕಟ್ಟಿಕೊಳ್ಳುವವರು ಕ್ಯಾಕ್ರೆಪ್ (ಸಮಾಲೋಚನೆ ಕೋರ್ಸ್‌ಗಳನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆಯ 60 ಕ್ರೆಡಿಟ್‌ಗಳ ಮಾಸ್ಟರ್ಸ್ ನೋಡಲಿ. ಅದರಲ್ಲಿ 100 ಗಂಟೆ ಪ್ರಾಕ್ಟಿಕಮ್, ಅದರೊಳಗೆ 40 ಗಂಟೆ ನೇರವಾಗಿ ಜನರ ಜೊತೆ. ಆಮೇಲೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ. ಸಾಮಾನ್ಯ ಕೌನ್ಸೆಲರ್ ಪರವಾನಗಿಯ ಬಾಗಿಲೂ ಇದರಿಂದ ತೆರೆಯುತ್ತದೆ. ಎಷ್ಟೋ ಊರುಗಳಲ್ಲಿ ಕೆಲಸ ಸಿಗುವುದೂ ಆ ಬಾಗಿಲಿನಿಂದಲೇ. ನಾಸಾಕ್ ಎನ್ನುವುದು ವ್ಯಸನ ಅಧ್ಯಯನಕ್ಕೆಂದೇ ಇರುವ ಮಾನ್ಯತೆ, ಇದ್ದರೆ ಒಳ್ಳೆಯದೇ. ಇವೆರಡಕ್ಕೂ ಮೊದಲು ಕಾಲೇಜಿಗೇ ಮಾನ್ಯತೆ ಇದೆಯೇ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ಡೇಟಾಬೇಸ್‌ನಲ್ಲಿ ನೋಡಿ. ತಮ್ಮ ಕೋರ್ಸ್ ಯಾವ ರಾಜ್ಯದ ಪರವಾನಗಿಗೆ ಸಾಕು, ಯಾವುದಕ್ಕೆ ಸಾಲದು ಎಂದು ಕಾಲೇಜುಗಳು ಪ್ರಕಟಿಸಬೇಕೆಂಬ ಕೇಂದ್ರ ನಿಯಮವೂ ಇದೆ. ಆ ಪಟ್ಟಿಯನ್ನು ತೋರಿಸಲು ಸತಾಯಿಸುವ ಕಾಲೇಜನ್ನು ಬಿಟ್ಟುಬಿಡಿ.

ಪ್ರಾಕ್ಟಿಕಮ್ ಬಗ್ಗೆ ಕಾಲೇಜನ್ನು ಕೆದಕಿ ಕೆದಕಿ ಕೇಳಬೇಕು. ಜಾಗ ಅವರೇ ಕೊಡಿಸುತ್ತಾರೋ, ನೀವೇ ಹುಡುಕಬೇಕೋ? ‘ಸಹಾಯ ಮಾಡುತ್ತೇವೆ’ ಎಂಬ ಉತ್ತರ ಬಂದರೆ ನೀವೇ ಹುಡುಕಬೇಕು ಎಂದೇ ತಿಳಿಯಿರಿ. ಕಾರಿಲ್ಲದವರಿಗೆ ಅಲ್ಲಿಗೆ ಬಸ್ಸಿದೆಯೇ? ಗಂಟೆಗಳಿಗೆ ಸಹಿ ಹಾಕುವವರ ಪರವಾನಗಿಯನ್ನು ಮಂಡಳಿ ಮೇಲ್ವಿಚಾರಣೆಗೆ ಒಪ್ಪುತ್ತದೆಯೇ? ಒಪ್ಪದವರ ಸಹಿ ಇದ್ದರೆ ಅಷ್ಟೂ ಗಂಟೆ ನೀರಿನಲ್ಲಿ ಹೋಮ. ಲೆಕ್ಕವನ್ನು ವಾರವಾರವೂ ಬರೆದು ಆಗಲೇ ಸಹಿ ಹಾಕಿಸಿಕೊಳ್ಳಿ, ಈ ರಂಗದಲ್ಲಿ ಮೇಲ್ವಿಚಾರಕರು ಕೆಲಸ ಬಿಡುವುದು ಹೆಚ್ಚು. ಸಂಬಳವಿಲ್ಲದಿದ್ದರೂ ಸಿಪಿಟಿ (ಓದಿನ ನಡುವೆ ತರಬೇತಿ ಕೆಲಸಕ್ಕೆ ಎಫ್-1ನವರಿಗೆ ಕೊಡುವ ಅನುಮತಿ) ಬೇಕೇ ಎಂದು ಕಾಲೇಜಿನ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಯಿಂದ ಬರೆಸಿಕೊಳ್ಳಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಆ ಹಂತದ ಒಪಿಟಿ ಕೈತಪ್ಪುತ್ತದೆ. ವಾರಕ್ಕೆ 20 ಗಂಟೆ ಮೀರದಿದ್ದರೆ 600 ಗಂಟೆ 30 ವಾರದಲ್ಲಿ ಮುಗಿಯುತ್ತದೆ, ಒಪಿಟಿಯೂ ಉಳಿಯುತ್ತದೆ. ಬೆರಳಚ್ಚು, ಹಿನ್ನೆಲೆ ತನಿಖೆ, ಮಾದಕ ದ್ರವ್ಯ ಪರೀಕ್ಷೆ ಕೇಳುವ ಕೇಂದ್ರಗಳು ಹಲವು. ಕೆಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ ನಿಜ, ಆದರೆ ವೀಸಾ ನಡೆಯುವುದು ಕೇಂದ್ರ ಕಾನೂನಿನ ಮೇಲೆ, ಅದರಲ್ಲಿ ಗಾಂಜಾ ಅಪರಾಧವೇ.

ಊರು ಬಿಡುವ ಮೊದಲೇ ಮಾಡಿಕೊಳ್ಳಬೇಕಾದ್ದು ಕಾಗದಪತ್ರ. ಟ್ರಾನ್ಸ್‌ಕ್ರಿಪ್ಟ್‌ಗೆ ಮೈಸೂರು ವಿವಿಯಲ್ಲಿ ಅರ್ಜಿ ಹಾಕಿ. ಮಂಡ್ಯದ ಕಾಲೇಜಿನಲ್ಲಿ ಓದಿದ್ದರೂ ಅಂಕಪಟ್ಟಿಯ ಮೇಲೆ ಮೈಸೂರು ವಿವಿ ಎಂದಿದ್ದರೆ ಅಲ್ಲಿಗೇ ಹೋಗಬೇಕು. ಜೊತೆಗೆ ಪ್ರತಿ ಪತ್ರಿಕೆಯ ಪಠ್ಯಕ್ರಮವನ್ನೂ ದೃಢೀಕರಿಸಿ ತನ್ನಿ, ಹಳೇ ಓದನ್ನು ಮಂಡಳಿ ತೂಗಿ ನೋಡುವಾಗ ವಿಷಯದ ಹೆಸರೊಂದೇ ಸಾಲದು. ಮೂರು ವರ್ಷದ ಬಿಎ, ಬಿಎಸ್‌ಸಿಯನ್ನು ಕೆಲವು ಮೌಲ್ಯಮಾಪನ ಸಂಸ್ಥೆಗಳು ಪೂರ್ಣ ಪದವಿ ಎನ್ನುತ್ತವೆ, ಕೆಲವು ಮೂರು ವರ್ಷದ ಓದು ಎಂದಷ್ಟೇ ಬರೆಯುತ್ತವೆ. ನಿಮ್ಮ ಕಾಲೇಜು ಯಾವ ಸಂಸ್ಥೆಯ ವರದಿ ಒಪ್ಪುತ್ತದೆ ಎಂದು ಕೇಳಿಕೊಂಡೇ ದುಡ್ಡು ಕಟ್ಟಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಇದು ನಮ್ಮ ಕಡೆಯವರಿಗೆ ತಪ್ಪದ ಗ್ರಹಚಾರ. ಎರಡೂ ಒಬ್ಬರದೇ ಎಂಬ ಅಫಿಡವಿಟ್ ಮೈಸೂರಿನಲ್ಲೇ ಮಾಡಿಸಿದರೆ ಒಂದು ದಿನದ ಕೆಲಸ, ಇಲ್ಲಿ ಬಂದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆದಾಟ.

ಓದಿ ಮೈಸೂರಿಗೇ ವಾಪಸಾಗುವ ಯೋಚನೆ ಇರುವವರಿಗೆ ಒಂದು ಮಾತು. ಇಲ್ಲಿನ ಪರವಾನಗಿ ತಂದರೆ ವ್ಯಸನಮುಕ್ತಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರ ಕೆಲಸ ಕೇಳಬಹುದು. ಆದರೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು, ಈ ಪದವಿಯಿಂದ ಅದು ತಾನಾಗಿ ಬರುವುದಿಲ್ಲ.